ಸೋಮನಾಥನ ಸಸ್ಯಾಹಾರಿ ಮೀನುಗಳು

ಸೋಮನಾಥ ಮೀನಿನ ತೊಟ್ಟಿಯ ನೀರು ಬದಲಾಯಿಸುತ್ತಿದ್ದ. ಗ್ಲೂಕೋಸ್ ಹಾಕುವ ಸಣ್ಣ ಪೈಪಿನ ಒಂದು ತುದಿ ಗಾಜಿನ ತೊಟ್ಟಿಯೊಳಗೆ, ಇನ್ನೊಂದು ತುದಿ ಕೆಳಗಿದ್ದ ಬಕೆಟ್ಟಿನೊಳಗೆ. ನೀರಿನ ಜೊತೆ ಮೀನೂ ಪೈಪಿಗೆ ನುಗ್ಗೀತೆಂದು ಅವನು ಉಸಿರನ್ನೂ ಅಳೆದು ಬಿಡುತ್ತಿದ್ದ. ಹಳೆ ನೀರು ಅರ್ಧ ಇಳಿದ ಮೇಲೆ, ಹೊಸ ನೀರನ್ನು ಲೋಟದಲ್ಲಿ ತುಂಬಿಕೊಂಡು, ಕೈಕೂಸಿನ ನೆತ್ತಿಗೆ ಹೊಯ್ಯುವ ಹಾಗೆ ಗಾಜಿನ ಅಂಚಿನಿಂದ ಇಳಿಸಿದ. ಒಳಗೆ ಆರು ಮೀನುಗಳು ನಿಂತಲ್ಲೇ ರೆಕ್ಕೆ ಬಡಿಯುತ್ತ, ಮೇಲಧಿಕಾರಿಗಳು ಕಾಮಗಾರಿ ನೋಡುವ ಹಾಗೆ ಅವನ ಕೆಲಸವನ್ನು ನೋಡುತ್ತಿದ್ದವು.

ಮೀನೆಂದರೆ ಅಂತಿಂಥ ಮೀನಲ್ಲ. ಎಲ್ಲಕ್ಕಿಂತ ದೊಡ್ಡದು ಹೆಬ್ಬೆರಳಿನ ಉಗುರಿನಷ್ಟಿತ್ತು. ಮಾವಿನ ಮಿಡಿಯ ಮೇಲೆ ಮಸಿ ಸಿಡಿದಂಥ ಮೈ, ಬಿಳಿ ಹೊಟ್ಟೆ, ಮುಖಕ್ಕೆ ಮೀರಿದ ಕಣ್ಣು. ಆ ಕಣ್ಣುಗಳೋ, ಒಂದು ಬಲಕ್ಕೆ ನೋಡುವಾಗ ಇನ್ನೊಂದು ಎಡಕ್ಕೆ ನೋಡುತ್ತಿತ್ತು. ಹೆದರಿದರೆ ಹೊಟ್ಟೆ ಉಬ್ಬಿಸಿಕೊಂಡು ಗೋಲಿಯ ಹಾಗಾಗುತ್ತಿತ್ತು. ಡ್ವಾರ್ಫ್ ಪಫರ್ ಎಂದು ಅದರ ಹೆಸರು. ಊರಲ್ಲಿ ಯಾರ ಬಾಯಿಗೂ ಅದು ಹತ್ತದ್ದರಿಂದ ‘ಬಟಾಣಿ ಮೀನು’ ಎಂದು ಸೋಮನಾಥನೇ ನಾಮಕರಣ ಮಾಡಿದ್ದ. ಕೇರಳದಿಂದ ಬಂದು ಇಲ್ಲಿ ರಬ್ಬರ್ ಹಾಕಿದ್ದ ಪರಿಚಯದವರೊಬ್ಬರು ಊರಿಗೆ ಹೋದಾಗ ನೀರಿನ ಬಾಟಲಿಯಲ್ಲಿ ತಂದುಕೊಟ್ಟಿದ್ದರು. ತೊಟ್ಟಿಯನ್ನು ದೇವರ ಫೋಟೊಗಳಿಗೆ ಕಟ್ಟು ಹಾಕುವ ಗೋವಿಂದ ಅಂಟಿಸಿಕೊಟ್ಟಿದ್ದ. ಒಳಗಿನ ಗಿಡ ಭದ್ರಾ ಹಿನ್ನೀರಿನ ದಡದ್ದು. ಇಡೀ ನರಸಿಂಹರಾಜಪುರದಲ್ಲಿ ಇಂಥ ಮೀನು ಇನ್ನೊಬ್ಬರ ಮನೆಯಲ್ಲಿಲ್ಲ ಎಂಬುದನ್ನು ಸೋಮನಾಥ ತಾನೇ ಸೈಕಲ್ಲಿನಲ್ಲಿ ಸುತ್ತಿ ಖಚಿತ ಮಾಡಿಕೊಂಡಿದ್ದ.

ಇವತ್ತು ಆ ಮೀನುಗಳಿಗೆ ಪರೀಕ್ಷೆ. ಸ್ವಾತಂತ್ರ್ಯ ದಿನಾಚರಣೆಗೆ ಕೊಪ್ಪದಲ್ಲಿ ಹೂವು, ತರಕಾರಿ, ಸಾಕುಪ್ರಾಣಿಗಳ ಪ್ರದರ್ಶನವಿತ್ತು. ಅದನ್ನು ನಡೆಸುವ ಶ್ರೀವಿದ್ಯಾ ಮೇಡಂ ಮೀನನ್ನು ಕಣ್ಣಾರೆ ನೋಡಲು ಮಧ್ಯಾಹ್ನ ಬರುವವರಿದ್ದರು. ಒಪ್ಪಿಗೆಯಾದರೆ ತೊಟ್ಟಿಗೆ ಒಂದು ಮೇಜು, ಮೇಜಿನ ಮೇಲೆ ದಪ್ಪ ರಟ್ಟು, ರಟ್ಟಿನ ಮೇಲೆ ಸಾಕಿದವರ ಹೆಸರು.

ಸೋಮನಾಥನಿಗೆ ಬೇಕಾಗಿದ್ದದ್ದು ಆ ಹೆಸರು. ಅಡಿಕೆ ಮಂಡಿಯಲ್ಲಿ ಅವನು ತೂಕ ಬರೆಯುತ್ತಿದ್ದ. ಕೆಲಸಕ್ಕೆ ಸೇರಿದ ದಿನದಿಂದಲೂ ಸಾಹುಕಾರರು ಅವನನ್ನು “ಏ ತೂಕ” ಎಂದೇ ಕರೆಯುತ್ತಿದ್ದರು. ಶಾಲೆಯ ಗುಂಪು ಫೋಟೊದಲ್ಲಿ ಅವನ ಮುಖ ಡ್ರಿಲ್ ಮೇಷ್ಟ್ರ ಭುಜದ ಹಿಂದೆ ಹೋಗಿತ್ತು. ಮದುವೆಯ ಕಾಗದದಲ್ಲಿ ಹೆಸರು ಅಚ್ಚಾಗಿತ್ತು ನಿಜ, ಆದರೆ ಅದು ಎಂಥವನಿಗೂ ಒಂದು ಸಲ ಆಗುತ್ತದೆ.

ಮೀನುಗಳ ಬಗ್ಗೆ ಅವನು ಮೇಡಂಗೆ ಫೋನಿನಲ್ಲಿ ಎರಡು ಹೆಗ್ಗಳಿಕೆ ಹೇಳಿದ್ದ. ಒಂದು, ಅವು ಒಡೆಯನ ಗುರುತು ಹಿಡಿಯುತ್ತವೆ. ಎರಡು, ಅವು ಶುದ್ಧ ಸಸ್ಯಾಹಾರಿ.

ಎರಡನೆಯದಕ್ಕೆ ಕಾರಣ ಅವನ ತಾಯಿ ವೀರಮ್ಮ. ಮೀನು ಮನೆಗೆ ಬಂದ ದಿನ ಆಕೆ ಬಾಟಲಿಯನ್ನು ಬೆಳಕಿಗೆ ಹಿಡಿದು, “ಇದು ಸಾಕಕ್ಕೋ, ಸಾರಿಗೋ?” ಎಂದು ಕೇಳಿದ್ದರು. ಸಾಕಕ್ಕೆ ಎಂದು ಖಾತರಿಯಾದ ಮೇಲೆ, “ಹುಳ ಗಿಳ ತಂದು ಹಾಕಿದೆ ಅಂದ್ರೆ ನೀನೂ ಹೊರಗೆ, ನಿನ್ನ ತೊಟ್ಟಿನೂ ಹೊರಗೆ. ಲಿಂಗ ಇರೋ ಮನೆ ಇದು” ಎಂದಿದ್ದರು. ಸೋಮನಾಥ ಶಿವಮೊಗ್ಗದಿಂದ ಗೋಧಿಹಿಟ್ಟು, ಪಾಲಕ್ ಸೊಪ್ಪು ಸೇರಿಸಿ ಮಾಡಿದ ಮೀನಿನ ಕಾಳು ತರಿಸಿ ದಿನಾ ಬೆಳಗ್ಗೆ ಹಾಕಿ ಮಂಡಿಗೆ ಹೋಗುತ್ತಿದ್ದ. ಸಂಜೆ ಬರುವಾಗ ಒಂದು ಕಾಳೂ ಉಳಿದಿರುತ್ತಿರಲಿಲ್ಲ. ಮೀನುಗಳೋ, ಕಂಟ್ರಾಕ್ಟರರ ಹಾಗೆ ಹೊಟ್ಟೆ ಬಿಡುತ್ತಿದ್ದವು.

ಇನ್ನು ಗುರುತು ಹಿಡಿಯುವುದು. ಬೆಳಗ್ಗೆ ಸ್ನಾನ ಮಾಡಿ, ಟವೆಲ್ಲಿನಲ್ಲೇ ಬಂದು ಅವನು ತೊಟ್ಟಿಗೆ ಬಗ್ಗಿದರೆ ಸಾಕು, ಆರೂ ಮೀನು ಗಾಜಿಗೆ ಮೂತಿ ಒತ್ತಿ ಕುಣಿಯುತ್ತಿದ್ದವು. ದೇವರ ಪೂಜೆ ಮುಗಿಸಿ ಬರುವ ವೀರಮ್ಮನಿಗೂ ಅವನು ತೋರಿಸುತ್ತಿದ್ದ. “ನೋಡವ್ವ, ನನ್ನ ಕಂಡ್ರೆ ಹೆಂಗೆ ಮಾಡ್ತಾವೆ!” ವೀರಮ್ಮ ಅವನ ಹಿಂದೆ ನಿಂತು, “ಮಾಡ್ದೆ ಏನು, ಹೊಟ್ಟೆ ಇದೆಯಲ್ಲ” ಎನ್ನುತ್ತಿದ್ದರು.

ಇವತ್ತು ಶ್ರಾವಣ ಸೋಮವಾರ. ವೀರಮ್ಮ ಕೋಳಿ ಕೂಗುವ ಹೊತ್ತಿಗೇ ಪೂಜೆ ಮುಗಿಸಿ, ಸೀತೂರಿನ ತಂಗಿ ಬಸವಮ್ಮನ ಮನೆಗೆ ಮೊದಲ ಬಸ್ಸಿನಲ್ಲಿ ಹೋಗಿದ್ದರು. ಸೋಮನಾಥ ಮಂಡಿಗೆ ರಜೆ ಹೇಳಿದ್ದ. ನೀರು ಬದಲಾಯಿಸಿ, ಗಾಜು ಒರೆಸಿ, ಒಂದು ಸಲ ರಿಹರ್ಸಲ್ ಆಗಲಿ ಎಂದು ತೊಟ್ಟಿಗೆ ಬಗ್ಗಿದ.

ಒಂದು ಮೀನೂ ಬರಲಿಲ್ಲ.

“ಬನ್ರೋ” ಎಂದ. ದೊಡ್ಡದು ಒಂದು ಕಣ್ಣಿನಿಂದ ಅವನನ್ನು ನೋಡಿತು. ಇನ್ನೊಂದು ಕಣ್ಣನ್ನು ಅತ್ತಿತ್ತ ಹೊರಳಿಸಿತು. ಬ್ಯಾಂಕಿನ ಕೌಂಟರಿನವರು ನೋಡುವ ಹಾಗೆ ನೋಡಿ ಗಿಡದ ಹಿಂದೆ ಹೋಯಿತು.

ಹೆಂಡತಿ ಸುಮನಾ ಕಾಫಿ ತಂದಿಟ್ಟಳು. ಅವಳು ಮಾತು ಕಡಿಮೆಯ ಹೆಣ್ಣು. ಮನೆಯಲ್ಲಿ ಆಗುವುದೆಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

“ನೀರು ಬದಲಾಯಿಸಿದ್ದಕ್ಕೆ ಮುನಿಸ್ಕೊಂಡಿದಾವೆ” ಎಂದ ಸೋಮನಾಥ.

“ಹೂಂ” ಎಂದು ಅವಳು ಒಳಗೆ ಹೋದಳು.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಲಿಂಗಪ್ಪ ಬಂದ. ಲೈನ್‌ಮನ್ ಕೆಲಸದಿಂದ ನಿವೃತ್ತನಾದ ಮೇಲೆ ಕಂಬ ಹತ್ತುವುದು ನಿಂತು, ಮನೆಮನೆ ಹತ್ತಿ ಸಲಹೆ ಕೊಡುವುದು ಶುರುವಾಗಿತ್ತು. ಗಡ್ಡ ಕೆರೆಯುತ್ತ ತೊಟ್ಟಿಯನ್ನು ಸುತ್ತು ಹಾಕಿದ.

“ಅಲ್ಲ ಮಾರಾಯ, ತೊಟ್ಟಿ ದಕ್ಷಿಣಕ್ಕೆ ಮುಖ ಮಾಡಿ ಇಟ್ಟಿದೀಯಲ್ಲ! ಯಮನ ದಿಕ್ಕು. ಮೀನು ಮಂಕಾಗ್ದೆ ಇನ್ನೇನಾಗ್ತದೆ? ಈಶಾನ್ಯಕ್ಕೆ ಇಡು. ಟಿ.ವಿ.ಲಿ ದಿನಾ ಹೇಳ್ತಾರೆ.”

“ಲಿಂಗಪ್ಪಣ್ಣ, ಇವತ್ತೊಂದು ದಿನ ಮುಟ್ಟೋದು ಬೇಡ...”

“ನೀ ಆ ಕಡೆ ಹಿಡಿ ಅಂದ್ರೆ ಹಿಡಿ. ಟ್ರಾನ್ಸ್‌ಫಾರ್ಮರ್ ಇಳಿಸಿದ ಕೈ ಇದು.”

ಟ್ರಾನ್ಸ್‌ಫಾರ್ಮರಿನೊಳಗೆ ನೀರು ಅಲ್ಲಾಡುವುದಿಲ್ಲ ಎಂಬುದು ಇಬ್ಬರಿಗೂ ಎತ್ತಿದ ಮೇಲೆ ಹೊಳೆಯಿತು. ಒಂದು ಅಲೆ ಲಿಂಗಪ್ಪನ ಬನಿಯನ್ನಿಗೆ ಬಿತ್ತು, ಇನ್ನೊಂದು ಸೋಮನಾಥನ ಮುಖಕ್ಕೆ. ತೊಟ್ಟಿ ಈಶಾನ್ಯ ಮುಟ್ಟಿ ನೋಡಿದರೆ ದೊಡ್ಡ ಮೀನು ಉಬ್ಬಿ ಗುಂಡಗಾಗಿ ಬುಗುರಿಯಂತೆ ತೇಲುತ್ತಿತ್ತು.

“ಸತ್ತೋಯ್ತಾ?” ಎಂದ ಲಿಂಗಪ್ಪ, ಎರಡು ಹೆಜ್ಜೆ ಹಿಂದೆ ಸರಿದು.

ಗಲಾಟೆ ಕೇಳಿ ಎದುರು ಮನೆಯ ಭೈರಮ್ಮ ಸೌಟು ಹಿಡಿದೇ ಓಡಿ ಬಂದಳು. ಊರಿನ ಅರ್ಧ ಬಾಣಂತನ ಮಾಡಿದ ಹೆಂಗಸು. ಒಂದೇ ನೋಟಕ್ಕೆ ನಿರ್ಣಯ ಕೊಟ್ಟಳು.

“ಎಂತ ಸಾಯೋದು? ಬಸುರಿ ಕಣೋ ಇದು! ದಿನ ತುಂಬಿದೆ. ಬಸುರೀನ ಹಿಂಗೆ ಎತ್ತಾಡ್ತೀರಲ್ಲ, ಗಂಡಸರಿಗೆ ಒಂಚೂರು ಬುದ್ಧಿ ಬೇಡ್ವಾ?”

“ಭೈರಮ್ಮಕ್ಕ, ಅದು ಗಂಡು” ಎಂದ ಸೋಮನಾಥ.

ಭೈರಮ್ಮ ಗಾಜಿಗೆ ಮೂಗು ತಾಗಿಸಿ ಇನ್ನೊಮ್ಮೆ ನೋಡಿದಳು. “ಗಂಡಾದ್ರೆ ಗ್ಯಾಸು. ಓಮದ ನೀರು ಒಂದು ಚಮಚ ಹೊಯ್ಯಿ, ಇಳೀತದೆ.”

ಓಮದ ನೀರಿನಿಂದ ತೊಟ್ಟಿಯನ್ನು ಉಳಿಸಲು ಸೋಮನಾಥ ಅದನ್ನು ತಬ್ಬಿಕೊಂಡೇ ನಿಲ್ಲಬೇಕಾಯಿತು. ಅಷ್ಟರಲ್ಲಿ ಮೀನು ತಾನಾಗಿಯೇ ಇಳಿದು ಮೊದಲಿನಂತಾಯಿತು. ಭೈರಮ್ಮ ಮಾತ್ರ ಇಳಿಯಲಿಲ್ಲ. ಹಾಗಾದರೆ ಇದು ದೃಷ್ಟಿಯೇ ಎಂದು ಉಪ್ಪು, ಒಣಮೆಣಸಿನಕಾಯಿ ತಂದು ತೊಟ್ಟಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟಿಗೆ ಸೋಮನಾಥ ಕೆಮ್ಮಿದ, ಲಿಂಗಪ್ಪ ಕೆಮ್ಮುತ್ತ ಮನೆಗೆ ಓಡಿದ, ಬೀದಿಯಲ್ಲಿ ಹೋಗುತ್ತಿದ್ದವರು ಕೆಮ್ಮಿದರು. ಮೀನುಗಳು ಮಾತ್ರ ನೀರಿನೊಳಗಿದ್ದುದರಿಂದ ಬಚಾವಾದವು.

“ಘಾಟು ಜೋರಾಗಿದೆ. ದೃಷ್ಟಿ ಪೂರ್ತಿ ಇಳೀತು ಅಂತ ಲೆಕ್ಕ” ಎಂದು ಭೈರಮ್ಮ ತೃಪ್ತಿಯಿಂದ ಕಣ್ಣೊರೆಸಿಕೊಂಡಳು.

ಊಟದ ಹೊತ್ತಾದರೂ ಮೀನುಗಳು ಸೋಮನಾಥನ ಗುರುತು ಹಿಡಿಯಲಿಲ್ಲ. ನೀಲಿ ಅಂಗಿ ಹಾಕಿ ಬಗ್ಗಿದ, ಬರಲಿಲ್ಲ. ಬಿಳಿ ಅಂಗಿ ಹಾಕಿ ಬಗ್ಗಿದ, ಬರಲಿಲ್ಲ. ಕೊನೆಗೆ ಅವನ ತಲೆಗೆ ಹೊಳೆಯಿತು. ದಿನಾ ಅವು ತನ್ನನ್ನು ನೋಡುವುದು ಟವೆಲ್ಲಿನಲ್ಲಿ! ಬಟ್ಟೆ ಹಾಕಿದ ಸೋಮನಾಥ ಅವಕ್ಕೆ ಗೊತ್ತೇ ಇಲ್ಲ. ತಡಮಾಡದೆ ಅಂಗಿ, ಪ್ಯಾಂಟು ಕಳಚಿ, ಟವೆಲ್ ಸುತ್ತಿಕೊಂಡು, ತಲೆಗೆ ಒಂದು ಚೊಂಬು ನೀರನ್ನೂ ಸುರಿದುಕೊಂಡು ಬಂದು ತೊಟ್ಟಿಗೆ ಬಗ್ಗಿದ. “ಈಗ ಗೊತ್ತಾಯ್ತೇನ್ರೋ? ನಾನು, ನಾನು!”

“ಗೊತ್ತಾಯ್ತು, ಸೋಮನಾಥ್ ಅವರಲ್ವಾ?” ಎಂದಿತು ಬಾಗಿಲ ಕಡೆಯಿಂದ ಒಂದು ಧ್ವನಿ.

ಶ್ರೀವಿದ್ಯಾ ಮೇಡಂ ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಿಳಿ ರಟ್ಟು, ಹೆಗಲ ಚೀಲದಲ್ಲಿ ಸ್ಕೆಚ್ ಪೆನ್ನು. ಅವರ ಹಿಂದೆ ಭೈರಮ್ಮ, ಹೊಸಬರು ಬಂದರೆ ಜೊತೆಗೆ ತಾನೂ ಬರುವುದು ಬೀದಿಯ ರಿವಾಜು ಎಂಬಂತೆ.

“ಸ್ನಾನದ ಹೊತ್ತಿಗೆ ಬಂದುಬಿಟ್ನಾ?”

“ಇಲ್ಲ ಮೇಡಂ, ಇದು... ಮೀನಿಗೋಸ್ಕರ” ಎಂದ ಸೋಮನಾಥ. ಹೇಳಿದ ಮೇಲೆ, ಹೇಳದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮೇಡಂ ದೊಡ್ಡ ಮನಸ್ಸಿನವರು. ಕುರ್ಚಿ ಎಳೆದು ತೊಟ್ಟಿಯ ಮುಂದೆ ಕೂತು, “ಎಷ್ಟು ಚೆಂದ ಇದಾವ್ರೀ! ಕೊಪ್ಪ, ಶೃಂಗೇರಿ ಕಡೆ ಯಾರ ಮನೇಲೂ ನಾನು ನೋಡಿಲ್ಲ” ಎಂದರು. ಸೋಮನಾಥನ ಎದೆ ಟವೆಲ್ಲಿನ ಮೇಲೆ ಎರಡು ಅಂಗುಲ ಉಬ್ಬಿತು. “ಎಲ್ಲಿ, ನಿಮ್ಮ ಗುರುತು ಹಿಡಿಯೋದನ್ನ ತೋರ್ಸಿ ನೋಡೋಣ.”

ಸೋಮನಾಥ ಬಗ್ಗಿದ. ಕರೆದ. ಚಿಟಿಕೆ ಹೊಡೆದ. ಬಲಕ್ಕೆ ಹೋಗಿ ಕರೆದ, ಎಡಕ್ಕೆ ಬಂದು ಕರೆದ. ಆರೂ ಮೀನು ಗಿಡದ ಬುಡದಲ್ಲಿ ಸಭೆ ಸೇರಿದ್ದವು. ಭೈರಮ್ಮ, “ಪಾಪ, ಇವತ್ತು ಅವಕ್ಕೆ ಮೈ ಸರಿಯಿಲ್ಲಮ್ಮ, ಬೆಳಗ್ಗೆ ಗ್ಯಾಸಾಗಿತ್ತು” ಎಂದು ವಕಾಲತ್ತು ವಹಿಸಿದಳು.

ಅದೇ ಹೊತ್ತಿಗೆ ಲಿಂಗಪ್ಪ ಮತ್ತೆ ಬಂದ. ಶ್ರಾವಣ ಸೋಮವಾರ ಒಪ್ಪೊತ್ತಿನ ಊಟವಾದ್ದರಿಂದ ಅವನ ಪೂಜೆ ಈಗಷ್ಟೇ ಮುಗಿದಿತ್ತು. ಮಡಿ ಪಂಚೆ, ಹಣೆಯ ಈ ತುದಿಯಿಂದ ಆ ತುದಿಯವರೆಗೆ ಸುಣ್ಣ ಬಳಿದಂತೆ ಮೂರು ಗೆರೆ ವಿಭೂತಿ. “ಏನಂತಾವೆ ನಿನ್ನ ಮೀನು?” ಎನ್ನುತ್ತ ತೊಟ್ಟಿಗೆ ಬಗ್ಗಿದ.

ಆರೂ ಮೀನು ಬಾಣದ ಹಾಗೆ ಬಂದು ಗಾಜಿಗೆ ಮೂತಿ ಒತ್ತಿದವು. ಕುಣಿದವು. ಬಾಲ ಆಡಿಸಿದವು. ಲಿಂಗಪ್ಪ ಬಲಕ್ಕೆ ವಾಲಿದರೆ ಬಲಕ್ಕೆ, ಎಡಕ್ಕೆ ವಾಲಿದರೆ ಎಡಕ್ಕೆ.

“ಓ, ಒಡೆಯರು ಇವರಾ!” ಎಂದರು ಮೇಡಂ.

ಲಿಂಗಪ್ಪ ಮೊದಲು ಬೆಚ್ಚಿದ, ಆಮೇಲೆ ಬೀಗಿದ. “ಮೂಕ ಪ್ರಾಣಿಗೆ ಮನುಷ್ಯರ ಅಂತಃಕರಣ ಗೊತ್ತಾಗ್ತದೆ ಮೇಡಂ. ಈಶಾನ್ಯಕ್ಕೆ ಇಡ್ಸಿದ್ದೂ ನಾನೇ.”

“ಲಿಂಗಪ್ಪಣ್ಣ, ನನ್ನ ಬೆನ್ನ ಹಿಂದೆ ನೀನು ಇವಕ್ಕೆ ಏನೋ ಹಾಕಿ ಹಿಡಿತಕ್ಕೆ ತಂದಿದೀಯ!” ಎಂದ ಸೋಮನಾಥ, ಟವೆಲ್ ಹಿಡಿದುಕೊಂಡೇ ಮುಂದೆ ಬಂದು.

“ಹೋಗೋ ಮಾರಾಯ, ನನ್ನ ಮನೆ ನಾಯಿಗೇ ನಾನು ಅನ್ನ ಹಾಕಲ್ಲ, ಹೆಂಡ್ತಿ ಹಾಕ್ತಾಳೆ. ನಿನ್ನ ಮೀನಿಗೆ ಹಾಕ್ತೀನಾ?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಮನಾ ತಗ್ಗಿದ ದನಿಯಲ್ಲಿ ಅಂದಳು. “ರೀ, ಅವರ ಹಣೆ ನೋಡಿ.”

ಸೋಮನಾಥ ನೋಡಿದ. ತನ್ನ ಹಣೆ ಮುಟ್ಟಿಕೊಂಡ. ಬೆಳಗ್ಗೆ ಬೆರಳ ತುದಿಯಲ್ಲಿ ತಾಗಿಸಿಕೊಳ್ಳುತ್ತಿದ್ದ ವಿಭೂತಿ ಮಂಡಿ ಮುಟ್ಟುವ ಮೊದಲೇ ಮಾಯವಾಗುವಂಥದ್ದು, ಇವತ್ತು ಅದೂ ಇರಲಿಲ್ಲ. ದೇವರ ಕೋಣೆಗೆ ಓಡಿದವನು ಮೂರು ಬೆರಳಿಗೂ ಬಳಿದುಕೊಂಡು, ಲಿಂಗಪ್ಪನಿಗಿಂತ ಒಂದು ಗುಲಗಂಜಿ ಹೆಚ್ಚೇ ಇರಲೆಂದು ಹಣೆ ತುಂಬ ಎಳೆದುಕೊಂಡು ಬಂದ. ಲಿಂಗಪ್ಪನನ್ನು ಮೊಣಕೈಯಿಂದ ಸರಿಸಿ ಬಗ್ಗಿದ.

ಬಂದವು! ಆರಕ್ಕೆ ಆರೂ ಬಂದವು. ಗಾಜಿನ ಆಚೆ ಹನ್ನೆರಡು ಕಣ್ಣು, ಈಚೆ ನೀರು ತುಂಬಿದ ಎರಡು ಕಣ್ಣು. ಬೆಳೆದ ಮಗ ವೇದಿಕೆಯ ಮೇಲೆ ಬಹುಮಾನ ತೆಗೆದುಕೊಳ್ಳುವುದನ್ನು ನೋಡುವವನ ಹಾಗೆ ಸೋಮನಾಥ ನಿಂತ. “ಮೇಡಂ, ನನ್ನ ಮೀನು!” ಎಂದ.

ಮೇಡಂ ಚಪ್ಪಾಳೆ ತಟ್ಟಿದರು. ರಟ್ಟನ್ನು ತೊಡೆಯ ಮೇಲಿಟ್ಟು ದಪ್ಪ ಅಕ್ಷರದಲ್ಲಿ ಬರೆದರು: ‘ಒಡೆಯರ ಗುರುತು ಹಿಡಿಯುವ ಸಸ್ಯಾಹಾರಿ ಬಟಾಣಿ ಮೀನುಗಳು’. ಅದರ ಕೆಳಗೆ, ‘ಸಾಕಿದವರು:’. ಪೆನ್ನು ಅಲ್ಲಿಗೆ ನಿಂತಿತು.

“ಸಸ್ಯಾಹಾರ ತಿನ್ನೋದನ್ನೂ ಒಂದ್ಸಲ ನೋಡಿಬಿಡೋಣ. ಆಮೇಲೆ ಹೆಸರು ಬರೀತೀನಿ.”

ಸೋಮನಾಥ ಡಬ್ಬಿ ತೆಗೆದು ಹೆಮ್ಮೆಯಿಂದ ಕಾಳು ಉದುರಿಸಿದ. ದೊಡ್ಡ ಮೀನು ಹತ್ತಿರ ಹೋಯಿತು. ಮೂಸಿತು. ಬಾಯಿಗೆ ಹಾಕಿಕೊಂಡಿತು. ಎಲ್ಲರೂ ಉಸಿರು ಹಿಡಿದರು. ಮೀನು ಫೂ ಎಂದು ಉಗಿಯಿತು. ಎರಡನೆಯದು ಬಂದು ಬಾಯಿಗೆ ಹಾಕಿಕೊಂಡಿತು, ಅದೂ ಉಗಿಯಿತು. ಬರಬರುತ್ತ ಆರೂ ಮೀನು ಕಾಳು ಬಾಯಿಗೆ ಹಾಕುವುದು, ಸೋಮನಾಥ ನಿಂತ ದಿಕ್ಕಿಗೆ ಉಗಿಯುವುದು.

“ಎಲೆಯಡಿಕೆ ಕವಳ ಹಾಕಿದ ಹಾಗೆ ಹಾಕಿ ಉಗೀತಾವಲ್ಲೋ” ಎಂದಳು ಭೈರಮ್ಮ.

“ದಿನಾ ತಿಂತಾವೆ ಮೇಡಂ! ಸಂಜೆಗೆ ಒಂದು ಕಾಳೂ ಇರಲ್ಲ. ಬೇಕಾದ್ರೆ ಸುಮನಾನ ಕೇಳಿ.”

ಸುಮನಾ ಸೆರಗಿನ ಅಂಚನ್ನು ನೋಡುತ್ತಿದ್ದಳು.

ಆಗ ಬಾಗಿಲಲ್ಲಿ ಕೊಡೆ ಮಡಿಸುವ ಸದ್ದಾಯಿತು. ವೀರಮ್ಮ ಬಂದಿದ್ದರು. ಕೈಯಲ್ಲಿ ತಂಗಿಯ ಮನೆಯ ಹೋಳಿಗೆ ಗಂಟು, ಹಣೆಯಲ್ಲಿ ಮೂರು ಗೆರೆ. “ಎಂತದೋ ಇದು, ಇಷ್ಟು ಜನ? ನೀನ್ಯಾಕೋ ಮೂರು ಹೊತ್ತೂ ಟವೆಲಲ್ಲಿ?”

ಸೋಮನಾಥ ತೊಟ್ಟಿಯನ್ನೇ ನೋಡುತ್ತಿದ್ದ. ಆರೂ ಮೀನು ಅವನನ್ನು ಬಿಟ್ಟು ತಿರುಗಿದ್ದವು. ವೀರಮ್ಮ ಬಾಗಿಲಿನಿಂದ ದೇವರ ಕೋಣೆಗೆ ನಡೆದರು, ಮೀನುಗಳು ಗಾಜಿನ ಉದ್ದಕ್ಕೂ ಅವರ ಜೊತೆಗೆ ಸಾಗಿದವು. ವೀರಮ್ಮ ಗಂಟು ಇಟ್ಟು ವಾಪಸು ಬಂದರು, ಮೀನುಗಳೂ ವಾಪಸು ಬಂದವು. ಲಿಂಗಪ್ಪ ಆಸೆಯಿಂದ ತನ್ನ ಹಣೆಯನ್ನು ಗಾಜಿಗೆ ಒಡ್ಡಿದ. ಒಂದು ಕಣ್ಣೂ ಅತ್ತ ಹೊರಳಲಿಲ್ಲ. ಇಷ್ಟು ದಿನ ಬೆಳಗ್ಗೆ ಅವು ಕುಣಿಯುತ್ತಿದ್ದದ್ದು ತನ್ನ ಮುಖಕ್ಕಲ್ಲ, ತನ್ನ ಭುಜದ ಹಿಂದೆ ನಿಂತಿರುತ್ತಿದ್ದ ಮುಖಕ್ಕೆ ಎಂಬುದು ಸೋಮನಾಥನಿಗೆ ಮೆಲ್ಲಗೆ, ಹಲ್ಲುನೋವು ಏರುವ ಹಾಗೆ, ಏರಿತು.

“ಪಾಪ, ಹಸ್ಕೊಂಡಿದಾವಲ್ಲೇ ಸುಮನಾ! ಹೊಟ್ಟೆ ಬೆನ್ನಿಗೆ ಹತ್ತಿದೆ. ಬೆಳಗ್ಗೆಯಿಂದ ಏನೂ ಹಾಕಿಲ್ವಾ?”

“ಇವರು ಮನೇಲೇ ಇದ್ರಲ್ಲ ಅತ್ತೆ. ಹೆಂಗೆ ಹಾಕ್ಲಿ?”

ವೀರಮ್ಮ ಒಂದು ಗಳಿಗೆ ಸುತ್ತ ಇದ್ದವರನ್ನೆಲ್ಲ ನೋಡಿದರು. ಆಮೇಲೆ ತೊಟ್ಟಿಯನ್ನು ನೋಡಿದರು. ಹಿತ್ತಿಲಿಗೆ ಹೋಗಿ, ಬಚ್ಚಲ ಹಿಂದಿನಿಂದ ಒಂದು ಗರಟೆ ತಂದರು. ಗರಟೆಯ ತುಂಬ ಕೊತ್ತಂಬರಿ ಕಾಳಿನಷ್ಟು, ಮೆಣಸಿನ ಕಾಳಿನಷ್ಟು ಸಣ್ಣ ಸಣ್ಣ ಬಸವನಹುಳುಗಳು. ಚಿಟಿಕೆಯಲ್ಲಿ ತೆಗೆದು, ಪಾಯಸಕ್ಕೆ ದ್ರಾಕ್ಷಿ ಬಿಡುವ ಹಾಗೆ ಒಂದೊಂದೇ ಬಿಟ್ಟರು.

ನೀರೊಳಗಿನಿಂದ ‘ಕಟ್’ ಎಂದಿತು. ಇನ್ನೊಂದು ‘ಕಟ್’. ಅವಲಕ್ಕಿ ಜೊತೆ ಹಪ್ಪಳ ಕಡಿಯುವವರ ಸುಖದಲ್ಲಿ ಆರೂ ಮೀನು ಕೂತವು.

“ವೀರಮ್ಮಕ್ಕ!” ಲಿಂಗಪ್ಪನ ವಿಭೂತಿ ನೆರಿಗೆಗಟ್ಟಿತು. “ಶ್ರಾವಣ ಸೋಮವಾರ! ಲಿಂಗ ಇರೋ ಮನೇಲಿ ಜೀವಹಿಂಸೆನಾ?”

“ನಾನು ತಿಂದ್ನಾ? ನೀನು ತಿಂದ್ಯಾ?” ವೀರಮ್ಮನ ಕೈ ನಿಲ್ಲಲಿಲ್ಲ. “ಹುಲಿಗೆ ಹುಲ್ಲು ಹಾಕಿ ಪುಣ್ಯ ಬೇಕು ಅಂದ್ರೆ ಯಾವ ಶಿವ ಕೊಡ್ತಾನೆ? ಬಂದ ಮೂರನೇ ದಿನಕ್ಕೇ ಇವು ಸಾಯಕ್ಕೆ ಬಿದ್ದಿದ್ವು. ಹಿತ್ತಿಲ ಕೆಸುವಿನ ಸೊಪ್ಪು ತೊಳೀವಾಗ ಒಂದು ಹುಳ ಸಿಕ್ತು, ಹಾಕ್ದೆ. ತಿಂದ ಚೆಂದ ನೋಡ್ಬೇಕಿತ್ತು. ಮನೆಗೆ ಬಂದವರನ್ನ ಉಪವಾಸ ಕೆಡವಿ ಪೂಜೆ ಮಾಡಕ್ಕೆ ನನ್ನ ಕೈಲಾಗಲ್ಲಪ್ಪ.”

“ಹಾಗಾದ್ರೆ ನನ್ನ ಕಾಳು?” ಎಂದ ಸೋಮನಾಥ.

“ಟೀ ಸೋಸೋ ಜರಡೀಲಿ ತೆಗೆದು ದಾಸವಾಳದ ಬುಡಕ್ಕೆ ಹಾಕ್ತಿದ್ವಿ. ಗಿಡ ಚೆನ್ನಾಗಿ ಬಂದಿದೆ.”

“ಹೇಳ್ಬಾರದಿತ್ತೇನವ್ವ?”

“ನಿನಗೆ ಹುಳ ಹಾಕ್ಬೇಡ ಅಂತ ನಾನೇ ಹೇಳಿದ್ದು. ಮತ್ತೆ ನಾನೇ ಹಾಕ್ತೀನಿ ಅಂತ ಯಾವ ಮುಖದಲ್ಲಿ ಹೇಳ್ಲಿ?”

ಮೇಡಂ ಬಿದ್ದು ಬಿದ್ದು ನಗುತ್ತಿದ್ದರು. “ಸಸ್ಯಾಹಾರಿ ಅಂದಾಗ್ಲೇ ನನಗೆ ಅನುಮಾನ ಇತ್ತು. ಇವು ಉಳಿದಿದ್ದೇ ನಿಮ್ಮಿಂದ ಅಮ್ಮ!” ಎಂದವರೇ ರಟ್ಟಿನಲ್ಲಿ ಒಂದು ಪದ ಹೊಡೆದುಹಾಕಿ, ‘ಸಾಕಿದವರು:’ ಎಂಬುದರ ಮುಂದೆ ದುಂಡಗೆ ಬರೆದರು. ‘ಶ್ರೀಮತಿ ವೀರಮ್ಮ, ನರಸಿಂಹರಾಜಪುರ’.

“ನನ್ನ ಹೆಸರು ಯಾಕವ್ವ, ತೆಗೀ ಅತ್ಲಾಗೆ” ಎಂದರು ವೀರಮ್ಮ. ಅನ್ನುತ್ತ ಸೆರಗು ಸರಿಮಾಡಿಕೊಂಡು, ರಟ್ಟನ್ನು ತೋಳಿನಷ್ಟು ದೂರ ಹಿಡಿದು, ಎರಡು ಸಲ ಓದಿದರು. ಅವರ ಮುಖ ನೋಡಿ ಸೋಮನಾಥನಿಗೆ ಹೊಟ್ಟೆಯುರಿಯಬೇಕಿತ್ತು. ಬದಲಿಗೆ ಎದೆಯಲ್ಲಿ ಏನೋ ಮತ್ತೆ ಉಬ್ಬಿತು. ಊರಲ್ಲಿ ಯಾರ ಮನೆಯಲ್ಲೂ ಇಲ್ಲದ ಮೀನು, ಊರಲ್ಲಿ ಯಾರಿಗೂ ಇಲ್ಲದ ಅವ್ವ.

“ತೊಟ್ಟೀನ ಕೊಪ್ಪಕ್ಕೆ ಬಸ್ಸಲ್ಲಿ ತರಕ್ಕೆ ಒಬ್ರು ಬೇಕಲ್ಲ. ಭಾರ ಇರುತ್ತಾ?” ಎಂದರು ಮೇಡಂ.

ಎಲ್ಲರೂ ಸೋಮನಾಥನ ಕಡೆ ತಿರುಗಿದರು. “ಭಾರದ ವಿಷಯ ಅವನಿಗೇ ಬಿಡಿ ಮೇಡಂ, ಅವನ ಕಸುಬೇ ತೂಕ” ಎಂದ ಲಿಂಗಪ್ಪ.

“ಹುಳನೂ ಇನ್ಮೇಲೆ ಅವನೇ ಆರಿಸ್ತಾನೆ. ಗುಟ್ಟು ರಟ್ಟಾಯ್ತಲ್ಲ, ನನ್ನ ಸೊಂಟ ಉಳೀತು” ಎಂದು ವೀರಮ್ಮ ಇನ್ನೊಂದು ಚಿಟಿಕೆ ಬಿಟ್ಟರು. ಮೇಡಂ ರಟ್ಟನ್ನು ಕುರ್ಚಿಗೆ ಒರಗಿಸಿಟ್ಟು ತೊಟ್ಟಿಗೆ ಬಗ್ಗಿದರು. ಭೈರಮ್ಮ ಬಗ್ಗಿದಳು. ಜೀವಹಿಂಸೆಯ ಲಿಂಗಪ್ಪನೂ, ಕೊರಳು ಉದ್ದ ಮಾಡಿ, ಬಗ್ಗಿದ. ದೊಡ್ಡ ಮೀನು ತನ್ನ ಬಾಯಿಗಿಂತ ದಪ್ಪನೆಯ ಹುಳುವೊಂದನ್ನು ಕಚ್ಚಿ ಹಿಡಿದು ಜಗ್ಗಾಡುತ್ತಿತ್ತು.

ಸೋಮನಾಥ ಹಿಂದೆ ನಿಂತು ರಟ್ಟನ್ನು ನೋಡಿದ. ಅವ್ವನ ಹೆಸರಿನ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಇತ್ತು. ಸ್ಕೆಚ್ ಪೆನ್ನಿನ ಮುಚ್ಚಳ ಇನ್ನೂ ಹಾಕಿರಲಿಲ್ಲ. ಅವನು ಟವೆಲ್ ಬಿಗಿ ಮಾಡಿಕೊಂಡು, ಗಂಟಲು ಸರಿಮಾಡಿಕೊಂಡ.

“ಮೇಡಂ, ಕೆಳಗೆ ಸಣ್ಣಕ್ಷರದಲ್ಲಿ ನನ್ನ ಹೆಸರೂ ಒಂದು ಬರೀತೀರಾ?”

‘ಕಟ್’ ಎಂದಿತು ತೊಟ್ಟಿಯೊಳಗಿನಿಂದ. ಬಗ್ಗಿದವರಲ್ಲಿ ಯಾರೂ ತಲೆ ಎತ್ತಲಿಲ್ಲ.